ಔಷಧದಂಗಡಿಯಲ್ಲಿ ಹುಟ್ಟಿದ ಹೆರ್ಬಾತ

ಪೋಲಿಷ್ ಭಾಷೆಯಲ್ಲಿ ಚಹಾದ ಹೆಸರು ಹೆರ್ಬಾತ. ಪದ ಸ್ತ್ರೀಲಿಂಗದ್ದು, ಒತ್ತು ನಡುವಿನ 'ಬಾ' ಮೇಲೆ. ಷ್ಚೆಬ್‌ಝೆಷಿನ್ ಎಂಬಂಥ ಹೆಸರನ್ನು ಒಂದು ಊರಿಗೆ ಇಟ್ಟು, ಅದನ್ನು ದಿನವೂ ಸಲೀಸಾಗಿ ಉಚ್ಚರಿಸಿಕೊಂಡು ಬದುಕುವ ಜನರ ಭಾಷೆಯಲ್ಲಿ ಇಷ್ಟು ಸರಳವಾದ ಪದ ಸಿಕ್ಕಿದ್ದು ಕಲಿಯುವವರ ಪುಣ್ಯ. ಎಷ್ಟು ಸರಳವೆಂದರೆ, ಅದು ಹೊರಗಿನಿಂದ ಬಂದದ್ದೆಂಬ ಅನುಮಾನ ಪೋಲಿಷರಿಗೇ ಬರುವುದಿಲ್ಲ. ಅಜ್ಜಿಯ ಅಡುಗೆಮನೆಯಷ್ಟೇ ಹಳೆಯದು, ಅಷ್ಟೇ ಸ್ವಂತದ್ದು ಎಂಬ ನಂಬಿಕೆ. ಅದರ ಜಾತಕ ತೆಗೆದರೆ ಮಾತ್ರ ಚೀನಾದ ಬಂದರು, ಡಚ್ಚರ ಹಡಗು, ಲ್ಯಾಟಿನ್ ಬಲ್ಲ ಔಷಧ ವ್ಯಾಪಾರಿ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ.

ಚಹಾದ ಹೆಸರಿನ ವಿಷಯದಲ್ಲಿ ಜಗತ್ತು ಸ್ಥೂಲವಾಗಿ ಎರಡು ಪಕ್ಷ. ಚೀನಾದ ಬಹುಭಾಗದಲ್ಲಿ ಈ ಎಲೆಗೆ 'ಚಾ' ಎನ್ನುತ್ತಾರೆ. ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತ್ಯದ ಮಿನ್ ನಾನ್ ಮಾತಿನಲ್ಲಿ ಅದೇ ಲಿಪಿಚಿಹ್ನೆಯನ್ನು 'ತೆ' ಎಂದು ಓದುತ್ತಾರೆ. ನೆಲದ ದಾರಿಯಲ್ಲಿ ಒಂಟೆ, ಕುದುರೆ ಹತ್ತಿ ಹೊರಟ ಎಲೆ 'ಚಾ' ಎನಿಸಿಕೊಂಡೇ ಪರ್ಷಿಯಾ, ತುರ್ಕಿ, ರಷ್ಯಾ ಮುಟ್ಟಿತು. ಸಮುದ್ರದ ದಾರಿ ಹಿಡಿದದ್ದು ಡಚ್ಚರ ಬಾಯಲ್ಲಿ 'ತೇ' ಆಗಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡುಗಳಿಗೆ ಹಂಚಿಹೋಯಿತು. ಮಕಾವ್‌ನಲ್ಲಿ ಕೋಠಿ ಹಾಕಿಕೊಂಡಿದ್ದ ಪೋರ್ಚುಗೀಸರು ಹಡಗಿನಲ್ಲೇ ಓಡಾಡಿದರೂ 'ಷಾ' ಎಂದೇ ಕಲಿತರು. ನಿಯಮಕ್ಕೊಂದು ಅಪವಾದ ಬೇಕಲ್ಲ. ಕನ್ನಡ ಯಾವ ಪಕ್ಷಕ್ಕೂ ಅನ್ಯಾಯ ಮಾಡಿಲ್ಲ: ಧಾರವಾಡದಲ್ಲಿ ಚಹಾ, ಮಂಗಳೂರಿನಲ್ಲಿ ಚಾ, ಮೈಸೂರಿನಲ್ಲಿ ಟೀ. ಪೋಲೆಂಡ್ ಮಾತ್ರ, ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುವಂತೆ, ಮೂರನೆಯದೊಂದನ್ನು ಹುಡುಕಿಕೊಂಡಿತು.

ಆ ದಾರಿ ಹಾದುಹೋದದ್ದು ಔಷಧದ ಅಂಗಡಿಯ ಮೂಲಕ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ 1610ರ ಸುಮಾರಿಗೆ ಯುರೋಪಿಗೆ ಚಹಾ ತರಲು ಶುರುಮಾಡಿದಾಗ ಅದನ್ನು ಕುಡಿಯಬೇಕೋ, ಹಚ್ಚಿಕೊಳ್ಳಬೇಕೋ, ಮೂಗಿಗೆ ಏರಿಸಬೇಕೋ ಯಾರಿಗೂ ಖಚಿತವಿರಲಿಲ್ಲ. ಒಣಗಿದ ಎಲೆ, ದೂರದೇಶದ್ದು, ಬೆಲೆ ದುಬಾರಿ, ರುಚಿ ಕಹಿ. ಇಷ್ಟು ಲಕ್ಷಣಗಳಿದ್ದ ಮೇಲೆ ಔಷಧವಾಗದೆ ಗತ್ಯಂತರವಿಲ್ಲ. ಔಷಧವಾದ ಮೇಲೆ ಭರಣಿಯ ಮೇಲೆ ಲ್ಯಾಟಿನ್ ಚೀಟಿ ಅಂಟಿಸಲೇಬೇಕು. ಗಿಡಮೂಲಿಕೆಗೆ ಲ್ಯಾಟಿನ್‌ನಲ್ಲಿ 'ಹೆರ್ಬಾ'. ಡಚ್ಚರ ತೇ ಲ್ಯಾಟಿನ್ ಪೋಷಾಕು ತೊಟ್ಟು 'ಥೆಆ' ಆಯಿತು. ಗ್ರೀಕ್ ಬಲ್ಲವರ ಕಣ್ಣಿಗೆ ಆ ಅಕ್ಷರಗಳಲ್ಲಿ 'ದೇವತೆ' ಕಾಣಿಸುತ್ತಿದ್ದುದರಿಂದ ಬೆಲೆ ಏರಿಸಲು ಅದೂ ಒಂದು ಅನುಕೂಲ. ಹೀಗೆ ಭರಣಿಯ ಮೇಲೆ 'ಹೆರ್ಬಾ ಥೆಆ' ಕುಳಿತಿತು. ಬೇರೆ ದೇಶಗಳ ಗಿರಾಕಿಗಳು ಚೀಟಿಯ ಎರಡನೆಯ ಪದವನ್ನು ಮಾತ್ರ ಮನೆಗೆ ಒಯ್ದರು. ಪೋಲಿಷರು ಕೊಟ್ಟ ದುಡ್ಡಿಗೆ ಮೋಸವಾಗಬಾರದೆಂದು ಚೀಟಿಯನ್ನೇ ಇಡಿಯಾಗಿ ಕಿತ್ತುಕೊಂಡು ಹೋದರು. ಎರಡು ಪದ ಬೆಸೆದು ಒಂದಾಯಿತು. ಬಾಲದಲ್ಲಿದ್ದ ಥೆಆ ಸವೆದು ಬರಿಯ 'ತ' ಉಳಿಯಿತು. ಅಂದರೆ ಪದದ ಮುಕ್ಕಾಲು ಪಾಲು 'ಮೂಲಿಕೆ', ಕಾಲು ಪಾಲು ಮಾತ್ರ ಚಹಾ. ಬೆರಕೆಯ ಆರೋಪ ಹೊರಿಸಬಹುದಾದ ಪ್ರಮಾಣವೇ ಸರಿ.

ಚಹಾವನ್ನು ಔಷಧವಾಗಿ ಹೊಗಳುವ ವೈದ್ಯರಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಅವರಲ್ಲಿ ಅಗ್ರಗಣ್ಯ ಹಾಲೆಂಡಿನ ಕೊರ್ನೆಲಿಸ್ ಬೊಂಟೆಕೂ. ಇದು ಅವನ ಹುಟ್ಟು ಹೆಸರಲ್ಲ. ತಂದೆಯ ಮನೆಯ ಮುಂದಿನ ಫಲಕದಲ್ಲಿ ಮಚ್ಚೆಯ ಹಸುವಿನ ಚಿತ್ರವಿತ್ತು, ಡಚ್ಚಿನಲ್ಲಿ ಬೊಂಟೆಕೂ ಎಂದರೆ ಅದೇ. ಈ ಮಚ್ಚೆಹಸು ವೈದ್ಯ 1678ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ದಿನಕ್ಕೆ ಎಂಟು ಹತ್ತು ಬಟ್ಟಲು ಚಹಾ ಆರಂಭಕ್ಕೆ ಸಾಕು. ಐವತ್ತು, ನೂರು, ಇನ್ನೂರಕ್ಕೆ ಏರಿದರೂ ಆತಂಕಕ್ಕೆ ಕಾರಣವಿಲ್ಲ. ಈ ಸಲಹೆಯ ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಥೈಲಿ ಇತ್ತೆಂಬ ಗುಮಾನಿ ಅಂದಿನಿಂದಲೂ ಇದೆ. ಇನ್ನೂರು ಬಟ್ಟಲು ಕುಡಿದವನಿಗೆ ಉಳಿದ ರೋಗಗಳ ಬಗ್ಗೆ ಯೋಚಿಸಲು ಪುರಸೊತ್ತಾದರೂ ಎಲ್ಲಿ ಸಿಗಬೇಕು ಎಂಬುದನ್ನು ಗ್ರಂಥ ಚರ್ಚಿಸುವುದಿಲ್ಲ.

ಪೋಲೆಂಡಿನಲ್ಲಿ ಚಹಾದ ಮೊದಲ ಉಲ್ಲೇಖ ಸಾಮಾನ್ಯವಾಗಿ 1664ರದೆಂದು ಹೇಳುತ್ತಾರೆ: ರಾಜ ಯಾನ್ ಕಾಝಿಮಿಯೆಝ್ ತನ್ನ ಫ್ರೆಂಚ್ ಮೂಲದ ರಾಣಿಗೆ ಬರೆದ ಪತ್ರ. ನಾಲ್ಕು ವರ್ಷಗಳ ನಂತರ ರಾಜ ಸಿಂಹಾಸನ ತ್ಯಜಿಸಿದ. ಎರಡಕ್ಕೂ ಸಂಬಂಧವಿಲ್ಲ. ಮುಂದಿನ ನೂರು ವರ್ಷ ಹೆರ್ಬಾತ ಉಳ್ಳವರ ಮನೆಯ ಮದ್ದಾಗಿಯೇ ಉಳಿಯಿತು. ಊರಿನ ಒಲವು ಕಾಫಿಯ ಮೇಲಿತ್ತು. ಆದಾಂ ಮಿತ್ಸ್‌ಕಿಯೆವಿಚ್ 1834ರಲ್ಲಿ ಪ್ರಕಟಿಸಿದ 'ಪಾನ್ ತದೇವುಷ್' ಮಹಾಕಾವ್ಯದಲ್ಲಿ ಕಾಫಿ ಕಾಯಿಸುವುದಕ್ಕೆಂದೇ ನೇಮಕವಾದ ಹೆಂಗಸಿನ ವರ್ಣನೆ ಇದೆ. ಚಹಾ ಕಾಯಿಸುವವಳಿಗೆ ಅಂಥ ಕವಿ ಸಿಗಲಿಲ್ಲ. ಸಿಕ್ಕಿದ್ದು ಪಾದ್ರಿ. ಸಸ್ಯಶಾಸ್ತ್ರಜ್ಞನೂ ಆಗಿದ್ದ ಕ್ಶಿಷ್ತೋಫ್ ಕ್ಲುಕ್ 1780ರ ದಶಕದ ತನ್ನ ಸಸ್ಯನಿಘಂಟಿನಲ್ಲಿ, ಚೀನಾ ತನ್ನಲ್ಲಿರುವ ಸಮಸ್ತ ವಿಷಗಳನ್ನೂ ಕಳಿಸಿದ್ದರೂ ಚಹಾದಿಂದ ಆದಷ್ಟು ಕೇಡು ಆಗುತ್ತಿರಲಿಲ್ಲ ಎಂಬರ್ಥದ ತೀರ್ಪು ಕೊಟ್ಟ. ಹಾಲೆಂಡಿನಲ್ಲಿ ಅಮೃತವೆನಿಸಿದ್ದು ಪೋಲೆಂಡ್ ಮುಟ್ಟುವ ಹೊತ್ತಿಗೆ ಹಾಲಾಹಲವಾಗಿತ್ತು. ನಿಘಂಟನ್ನು ಜನ ಗೌರವದಿಂದ ಕಪಾಟಿನಲ್ಲಿಟ್ಟರು, ಕೆಟಲನ್ನು ಒಲೆಯ ಮೇಲಿಟ್ಟರು.

ಕುಡಿಯುವುದನ್ನು ಊರಿಗೆಲ್ಲ ಕಲಿಸಿದವರು ರಷ್ಯನ್ನರು. ಪೋಲೆಂಡನ್ನು ನೆರೆಯ ಮೂರು ಸಾಮ್ರಾಜ್ಯಗಳು 1772, 1793, 1795ರಲ್ಲಿ ಮೂರು ಕಂತಿನಲ್ಲಿ ಹಂಚಿಕೊಂಡು ಭೂಪಟದಿಂದಲೇ ಅಳಿಸಿಹಾಕಿದವು. ವಾರ್ಸಾ 1815ರಿಂದ ನೂರು ವರ್ಷ ರಷ್ಯಾದ ಕೈಯಲ್ಲಿತ್ತು. ಜೊತೆಗೆ ಚಹಾದ ನೀರಿನ ಹಂಡೆಯಾದ ಸಮೊವಾರ್ ಬಂತು, ಗಾಜಿನ ಲೋಟದಲ್ಲಿ ಕುಡಿಯುವ ರೂಢಿಯೂ ಬಂತು. ಇಲ್ಲಿ ಪೋಲಿಷರು ತೋರಿದ ಜಿಗುಟುತನ ಗಮನಿಸಬೇಕು. ಆಳುವವರ ಪೇಯವನ್ನು ಕುಡಿದರು, ಪದವನ್ನು ಮಾತ್ರ ಒಪ್ಪಲಿಲ್ಲ. ಚಾಯ್ ಎನ್ನದೆ ಹೆರ್ಬಾತ ಎಂದೇ ಉಳಿದರು. ನೀರು ಕಾಯಿಸುವ ಪಾತ್ರೆಗೆ ಬಂದಾಗ ಹಟ ಸಡಿಲಿತು. ಕೆಟಲಿಗೆ ಪೋಲಿಷ್‌ನಲ್ಲಿ ಚಾಯ್ನಿಕ್, ಅದು ಅಪ್ಪಟ ರಷ್ಯನ್, 'ಚಾಯ್' ಹೊಟ್ಟೆಯೊಳಗಿಟ್ಟುಕೊಂಡ ಪದ. ಹೀಗಾಗಿ ಪೋಲಿಷ್ ಅಡುಗೆಮನೆಯಲ್ಲಿ ಇಂದಿಗೂ ಪಾತ್ರೆ ನೆಲದ ದಾರಿಯಿಂದ, ಅದರ ನೀರು ಬೀಳುವ ಎಲೆ ಸಮುದ್ರದ ದಾರಿಯಿಂದ ಬಂದು ಭೇಟಿಯಾಗುತ್ತವೆ. ಬರಿಯ 'ಚಾಯ್' ಪೋಲಿಷ್‌ನಲ್ಲಿ ಇಲ್ಲವೆಂದಲ್ಲ, ಜೈಲಿನಲ್ಲಿದೆ: ಕೈದಿಗಳು ಎಲೆಯನ್ನು ಸುರಿದು ಕಾಯಿಸುವ ಕಡುಗಪ್ಪು ಕಷಾಯಕ್ಕೆ ಆ ಹೆಸರು.

ಮೇಜಿನ ಮೇಲಿನ ಉಳಿದ ಸಾಮಾನುಗಳ ಕುಲಗೋತ್ರ ವಿಚಾರಿಸಿದರೆ ಸಂತೆಯೇ ನೆರೆಯುತ್ತದೆ. ಎಲೆ ನೆನೆಸುವ ಸಣ್ಣ ಕುಡಿಕೆ ಇಂಬ್ರಿಕ್; ತುರ್ಕರ ಇಬ್ರಿಕ್‌ನಿಂದ ಬಂದದ್ದು, ಅದರ ಹಿಂದೆ ನೀರು ಸುರಿಯುವುದು ಎಂಬರ್ಥದ ಪರ್ಷಿಯನ್ ಪದವಿದೆ. ಕಪ್ಪಿಗೆ ಫಿಲಿಝಾಂಕ, ಅದೂ ತುರ್ಕಿಯ ಫಿಂಜಾನ್‌ನ ಮೊಮ್ಮಗಳು. ಫಿಂಜಾನ್‌ನ ಹಿಂದಿರುವ ಪರ್ಷಿಯನ್ 'ಪಿಂಗಾನ್' ಮನೆತನಕ್ಕೇ ಕನ್ನಡದ ಪಿಂಗಾಣಿಯನ್ನೂ ಸೇರಿಸುವುದುಂಟು. ಹಾಗಾದರೆ ವಾರ್ಸಾದ ಕಪ್ಪಿಗೂ ಬೆಂಗಳೂರಿನ ಪಿಂಗಾಣಿ ಬಟ್ಟಲಿಗೂ ದಾಯಾದಿ ಸಂಬಂಧ. ಸಕ್ಕರೆ ತ್ಸುಕಿಯೆರ್, ಜರ್ಮನ್ನರ ತ್ಸುಕರ್‌ನಿಂದ ಪಡೆದದ್ದು. ಜರ್ಮನ್ನರಿಗೆ ಅದು ಇಟಲಿಯಿಂದ, ಇಟಲಿಗೆ ಅರಬರಿಂದ, ಅರಬರಿಗೆ ಪರ್ಷಿಯನ್ನರಿಂದ, ಪರ್ಷಿಯನ್ನರಿಗೆ ಭಾರತದ 'ಶರ್ಕರಾ'ದಿಂದ ಬಂತು. ಕನ್ನಡಿಗ ಅಲ್ಲಿ ಸಕ್ಕರೆ ಕೇಳಿದರೆ ತನ್ನದನ್ನೇ ವಾಪಸು ಕೇಳಿದಂತೆ. ನಿಂಬೆಯ ಹೆಸರು ಲ್ಯಾಟಿನ್ ಮೂಲದ್ದು. ಗಾಜಿನ ಲೋಟ ಷ್ಕ್ಲಾಂಕ ಮಾತ್ರ ಸ್ಲಾವ್ ಮುಖ ಹೊತ್ತಿದೆ, ಆದರೆ ಅದರೊಳಗಿನ ಗಾಜು ಎಂಬ ಪದವನ್ನು ಎಷ್ಟೋ ಶತಮಾನಗಳ ಹಿಂದೆ ಸ್ಲಾವರು ಜರ್ಮನಿಕ್ ಜನರಿಂದ ಎರವಲು ತಂದು ಹಿಂದಿರುಗಿಸದೆ ಉಳಿಸಿಕೊಂಡರು. ಕೊನೆಗೆ ಸ್ವಂತವೆಂದು ಎದೆ ತಟ್ಟಿ ಹೇಳಬಹುದಾದವು ಎರಡೇ: ಕುದಿಯುವ ನೀರು ಮತ್ತು ಚಮಚ.

ಪದದ ರೂಪವೂ ಒಂದು ಹುಸಿ ಸುಳಿವನ್ನು ಕೊಡುತ್ತದೆ. ಪೋಲಿಷ್‌ನಲ್ಲಿ 'ಹೆರ್ಬ್' ಎಂದರೆ ಕುಲಲಾಂಛನ. ಬರೆಯುವುದು ಹೆರ್ಬ್, ನುಡಿಯುವುದು ಹೆರ್ಪ್. ಕೊನೆಯ ವ್ಯಂಜನದ ಗಂಟಲು ಹಿಚುಕುವುದು ಆ ಭಾಷೆಯ ಪದ್ಧತಿ. ಹಳೆಯ ಪೋಲೆಂಡಿನಲ್ಲಿ ನೂರಕ್ಕೆ ಎಂಟು ಹತ್ತು ಮಂದಿ ಶ್ರೀಮಂತ ಕುಲೀನ ವರ್ಗದವರು. ಶ್ರೀಮಂತ ಎಂದದ್ದು ಮರ್ಯಾದೆಗೆ. ಅವರಲ್ಲಿ ಎಷ್ಟೋ ಜನರಿಗೆ ಲಾಂಛನವಿತ್ತು, ಎತ್ತಿರಲಿಲ್ಲ. ಹೆರ್ಬಾತ ಎಂದರೆ ಲಾಂಛನವುಳ್ಳವರ ಪಾನೀಯವಿರಬೇಕೆಂದು ಊಹಿಸಲು ಮನಸ್ಸು ಎಳೆಯುತ್ತದೆ. ನಿರುಕ್ತ ಒಪ್ಪುವುದಿಲ್ಲ. ಲಾಂಛನದ ಹೆರ್ಬ್ ಬಂದದ್ದು ಪಿತ್ರಾರ್ಜಿತ ಎಂಬರ್ಥದ ಜರ್ಮನ್ 'ಎರ್ಬೆ'ಯಿಂದ. ಒಂದು ವಕೀಲರ ಕಾಗದದಿಂದ ಎದ್ದದ್ದು, ಇನ್ನೊಂದು ವೈದ್ಯರ ಚೀಟಿಯಿಂದ.

ಈ ಪದ ಹಿಡಿದಿರುವ ಸೀಮೆಯಲ್ಲಿ ಹಳೆಯ ರಾಜ್ಯವೊಂದರ ನೆರಳು ಕಾಣುತ್ತದೆ. ಪೋಲೆಂಡ್ ಮತ್ತು ಲಿಥುವೇನಿಯ ಒಂದೇ ಒಕ್ಕೂಟವಾಗಿದ್ದ ಕಾಲದಲ್ಲಿ ಹೆರ್ಬಾತ ಅದರ ಉದ್ದಗಲಕ್ಕೂ ಓಡಾಡಿತು. ಒಕ್ಕೂಟ ಮುಳುಗಿ ಇನ್ನೂರು ವರ್ಷ ದಾಟಿದರೂ ಲಿಥುವೇನಿಯದಲ್ಲಿ ಚಹಾ ಇಂದಿಗೂ 'ಅರ್ಬಾತ', ಬೆಲಾರೂಸಿಯನ್‌ನಲ್ಲಿ 'ಹರ್ಬಾತ', ಪಶ್ಚಿಮ ಉಕ್ರೇನಿನ ಲ್ವಿವ್ ಕಡೆಯ ಹಳಬರ ಮಾತಿನಲ್ಲಿ 'ಹೆರ್ಬಾತ'. ಪೋಲೆಂಡಿನ ಒಳಗೇ ಇರುವ ಸೈಲೀಶಿಯದ ಜನ ಮಾತ್ರ ಜರ್ಮನ್ ಸಹವಾಸದಿಂದ 'ತಿಯ್' ಎನ್ನುತ್ತಾರೆ. ಲಿಥುವೇನಿಯನ್ನರು ಭಕ್ಷೀಸಿಗೆ 'ಅರ್ಬಾತ್‌ಪಿನಿಗೆಯ್' ಎನ್ನುತ್ತಾರೆ, ಚಹಾದ ದುಡ್ಡು ಎಂದರ್ಥ. ಕರ್ನಾಟಕದ ಕಚೇರಿಗಳಲ್ಲಿ 'ಕಾಫಿ-ತಿಂಡಿಗೆ' ಎಂದು ಕೈ ಒಡ್ಡುವುದನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಇಷ್ಟಾಗಿ ಅರ್ಬಾತವನ್ನು ಅವರಿಗೆ ದಾಟಿಸಿದ ಪೋಲಿಷರ ಭಕ್ಷೀಸು 'ನಪೀವೆಕ್'. ಅದು ಹುಟ್ಟಿದ್ದು ಪೀವೊದಿಂದ, ಅಂದರೆ ಬಿಯರಿನಿಂದ. ಹೆರ್ಬಾತಕ್ಕೆಂದು ದುಡ್ಡು ಕೊಟ್ಟರೆ ಪೋಲಿಷ್ ಮಾಣಿಗೆ ಬೇಸರವಾದೀತೆಂಬ ಎಚ್ಚರ ಭಾಷೆಯಲ್ಲೇ ಇದೆ.

ತಯಾರಿಸುವ ಕ್ರಮಕ್ಕೆ ಬಂದರೆ, ಹಳೆಯ ಮನೆಗಳಲ್ಲಿ ಇಂಬ್ರಿಕ್‌ನಲ್ಲಿ 'ಎಸೆನ್ತ್ಸ್ಯ' ಎಂಬ ಗಟ್ಟಿ ಕಷಾಯ ಇಳಿಸಿಟ್ಟುಕೊಳ್ಳುತ್ತಿದ್ದರು. ಕಾಫಿಯ ಡಿಕಾಕ್ಷನ್ನಿನ ಹಾಗೆ ಅದನ್ನು ಲೋಟದ ತಳಕ್ಕೆ ಬಗ್ಗಿಸಿ ಮೇಲೆ ಕುದಿನೀರು ಹೊಯ್ಯುವುದು. ಹಾಲಿನ ಪ್ರಶ್ನೆ ಏಳುವುದಿಲ್ಲ. ಕುದಿನೀರು ತುಂಬಿದ ಹಿಡಿಯಿಲ್ಲದ ಗಾಜಿನ ಲೋಟವನ್ನು ಕೈಯಲ್ಲಿ ಹಿಡಿಯುವುದು ಹೇಗೆಂಬ ಸಮಸ್ಯೆಗೆ 'ಕೊಶಿಚೆಕ್' ಎಂಬ ಉತ್ತರ ಸಿದ್ಧವಿತ್ತು. ಲೋಟವನ್ನು ಕೂರಿಸುವ, ಹಿಡಿಯುಳ್ಳ ಲೋಹದ ಸಣ್ಣ ಬುಟ್ಟಿ ಅದು. ಮೇಲೊಂದು ನಿಂಬೆಯ ಬಿಲ್ಲೆ ಬಿಟ್ಟರೆ ಕಪ್ಪು ಬಣ್ಣ ಕಣ್ಣೆದುರೇ ತಿಳಿಯಾಗುತ್ತದೆ. ಹುಳಿ ಸೇರಿದೊಡನೆ ಚಹಾದ ಬಣ್ಣದ ಕಣಗಳು ಮಂಕಾಗುತ್ತವೆ ಎಂಬುದು ರಸಾಯನಶಾಸ್ತ್ರದ ಸಮಜಾಯಿಷಿ. ನೆಗಡಿಯಾದರೆ ರಾಸ್ಪ್‌ಬೆರಿ ಹಣ್ಣಿನ ರಸ ಬೆರೆಸುತ್ತಾರೆ. ತಾತ್ರಾ ಪರ್ವತದ ಕಡೆ ಚಳಿ ಜಾಸ್ತಿಯಾದರೆ ಬೆರೆಸುವ ದ್ರವವೇ ಬೇರೆ. ಮದ್ಯ ಸೇರಿದ ಚಹಾಕ್ಕೆ 'ಕರೆಂಟು ಹಾಯಿಸಿದ ಹೆರ್ಬಾತ' ಎಂದು ಪೋಲಿಷರು ಹೆಸರಿಟ್ಟಿದ್ದಾರೆ. ಎಷ್ಟು ವೋಲ್ಟೇಜು ಎಂಬುದು ಸುರಿಯುವವನ ಕೈಯಲ್ಲಿದೆ.

ಹಾಲು ಹಾಕಿದ ಚಹಾವೂ ಅಲ್ಲಿದೆ, ಆದರೆ ಅದು ಹೆರ್ಬಾತದ ಬಿರುದು ಕಳೆದುಕೊಂಡು 'ಬವಾರ್ಕ' ಆಗುತ್ತದೆ. ಬವೇರಿಯದವಳು ಎಂದು ಅದರರ್ಥ. ಬಾಣಂತಿಯರಿಗೆ ಎದೆಹಾಲು ಹೆಚ್ಚಲು ಬವಾರ್ಕ ಕುಡಿಸಬೇಕೆಂಬ ನಂಬಿಕೆ ಪೋಲಿಷ್ ಅಜ್ಜಿಯರಲ್ಲಿ ಬಲವಾಗಿತ್ತು. ಹಾಲು ಬೆರೆತ ಚಹಾ ಬಯಸುವ ಆರೋಗ್ಯವಂತ ಗಂಡಸನ್ನು ಎದುರಿನವರು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರೆ ಆಶ್ಚರ್ಯವಿಲ್ಲ. ಭಾರತದಿಂದ ಹೋದವರು ಇದನ್ನು ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು.

ಸಮಾಜವಾದಿ ಆಡಳಿತದ ಕಾಲದಲ್ಲಿ ಹೆರ್ಬಾತ ಪೊಟ್ಟಣಗಳಲ್ಲಿ ಬಂತು, ಬಂದಾಗ ಬಂತು. ಜಾರ್ಜಿಯದ ಎಲೆ ಬರುತ್ತಿತ್ತು. 'ಪೊಪುಲಾರ್ನ' ಎಂಬ ಹೆಸರಿನದು ಸಿಗುತ್ತಿತ್ತು. ಜನಪ್ರಿಯ ಎಂದು ಅಂಗಡಿಯವರೇ ಘೋಷಿಸಿಬಿಟ್ಟರೆ ಗಿರಾಕಿಗೆ ಆಯ್ಕೆಯ ತಲೆನೋವಿಲ್ಲ. ಸ್ವಲ್ಪ ಮೇಲ್ಮಟ್ಟದ್ದು ಬೇಕಾದವರಿಗೆ 'ಮದ್ರಾಸ್' ಇತ್ತು. ಮದ್ರಾಸು ಶಹರದಲ್ಲಿ ಚಹಾ ಗಿಡ ಹುಡುಕಿದರೆ ಬೆವರು ಸಿಗುತ್ತದೆಯೇ ಹೊರತು ಎಲೆ ಸಿಗುವುದಿಲ್ಲ. ಆದರೆ ಆ ಒಂದು ಪೊಟ್ಟಣದ ದೆಸೆಯಿಂದ ನಮ್ಮ ನೆರೆಯ ಊರಿನ ಹೆಸರು ಪೋಲೆಂಡಿನ ಅಡುಗೆಮನೆಗಳಲ್ಲಿ ಪರಿಮಳ ಸೂಸಿತು. ಎಲೆ ಸಿಕ್ಕರೂ ಸಕ್ಕರೆಯ ಚಿಂತೆ: 1976ರಲ್ಲಿ ಸಕ್ಕರೆಗೆ ಪಡಿತರ ಚೀಟಿ ಬಂತು. ಬರಿಯ ಕಲಕುವುದರಿಂದ ಹೆರ್ಬಾತ ಸಿಹಿಯಾಗದು ಎಂಬ ಗಾದೆ ಪೋಲಿಷ್‌ನಲ್ಲಿದೆ. ಸಭೆ, ಸಮಿತಿ, ಉಪಸಮಿತಿಗಳ ಮೇಲೆ ಇದಕ್ಕಿಂತ ಚಿಕ್ಕ ವರದಿ ಬರೆಯುವುದು ಕಷ್ಟ.

ಪದದ ಸಂತಾನ ದೊಡ್ಡದು. ಮುದ್ದಿಗೆ ಹೆರ್ಬಾತ್ಕ, ಇನ್ನೂ ಮುದ್ದು ಉಕ್ಕಿದರೆ ಹೆರ್ಬತೆಚ್ಕ. ಜೊತೆಗೆ ಕಡಿಯುವ ಬಿಸ್ಕತ್ತು ಹೆರ್ಬಾತ್ನಿಕ್. ಚಹಾದಂಗಡಿ ಹೆರ್ಬಚಿಯಾರ್ನ್ಯ. ಮಾಸಲು ಹಳದಿ ಗುಲಾಬಿಗೆ ಹೆರ್ಬಚಿಯಾನಿ ಎಂಬ ವಿಶೇಷಣ. ದಾರ ಕಟ್ಟಿದ ಚೀಲದ ಚಹಾ 'ಎಕ್ಸ್‌ಪ್ರೆಸ್' ಹೆರ್ಬಾತ, ರೈಲಿನ ಹಾಗೆ. ತಳದಲ್ಲಿ ಉಳಿಯುವ ಗಸಿ 'ಫೂಸಿ'. ಚುನಾವಣೆಯ ಫಲಿತಾಂಶವನ್ನು ಮುಂಚಿತವಾಗಿ ಹೇಳುವ ಪಂಡಿತರನ್ನು 'ಫೂಸಿಯಲ್ಲಿ ಶಕುನ ನೋಡುವವರು' ಎಂದು ಆಡಿಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಕೇಳುವ ಮೊದಲ ಪ್ರಶ್ನೆ 'ಕಾಫಿಯೋ ಹೆರ್ಬಾತವೋ?' ಅದೇ ಹೆಸರಿನಲ್ಲಿ ಸರಕಾರಿ ಟಿ.ವಿ. ಬೆಳಗಿನ ಕಾರ್ಯಕ್ರಮವೊಂದನ್ನು 1992ರಿಂದ ಎರಡು ದಶಕ ನಡೆಸಿತು. ತನಗೊಗ್ಗದ ಸಂಗತಿಗೆ ಪೋಲಿಷರು 'ನನ್ನ ಕಥೆಯಲ್ಲ ಇದು' ಎನ್ನುತ್ತಿದ್ದರು. ಈಚೆಗೆ ಇಂಗ್ಲಿಷರ ಗಾಳಿ ಸೋಕಿ ಕೆಲವರು 'ನನ್ನ ಕಪ್ಪಿನ ಹೆರ್ಬಾತವಲ್ಲ' ಎನ್ನತೊಡಗಿದ್ದಾರೆ. ಭಾಷಾಶುದ್ಧಿಯ ಕಾವಲುಗಾರರಿಗೆ ಅದು ಒಗ್ಗುತ್ತಿಲ್ಲ.

ಪುದೀನ, ಕ್ಯಾಮೊಮೈಲ್‌ಗಳ ಕಷಾಯವೂ ಪೊಟ್ಟಣಕ್ಕಿಳಿದಾಗ ಅದನ್ನು 'ಮೂಲಿಕೆಯ ಹೆರ್ಬಾತ' ಎಂದು ಕರೆದರು. ಹೆರ್ಬಾತದ ಮುಕ್ಕಾಲು ಪಾಲು ಮೂಲಿಕೆಯೇ ಆಗಿರುವುದರಿಂದ ಇದು ನಮ್ಮ 'ಗೇಟುಬಾಗಿಲು', 'ನಡುಮಧ್ಯೆ'ಗಳ ಜಾತಿಗೆ ಸೇರಿದ್ದು. ಮೇಲಾಗಿ ಪುದೀನದಲ್ಲಿ ಚಹಾ ಎಳ್ಳಷ್ಟೂ ಇಲ್ಲ. ಆದ್ದರಿಂದ ಇಡೀ ಹೆಸರಿನಲ್ಲಿ ಸುಳ್ಳು ಹೇಳುತ್ತಿರುವುದು ಕೊನೆಯ 'ತ' ಒಂದೇ. ಈ ಸಾಲಿಗೆ ಹೊಸದಾಗಿ ಸೇರಿರುವುದು 'ಹೆರ್ಬಾತ ಚಾಯ್'. ಶುಂಠಿ, ಏಲಕ್ಕಿ, ಹಾಲು ಹಾಕಿದ ಭಾರತದ ಮಸಾಲೆ ಚಹಾ ಅಮೆರಿಕದ ಕಾಫಿ ಅಂಗಡಿಗಳನ್ನು ಸುತ್ತಿ ವಾರ್ಸಾ, ಕ್ರಾಕೂವ್‌ಗಳಿಗೆ ಬಂದಿಳಿದಿದೆ. ಮೂಲಿಕೆ-ಚಹಾ-ಚಹಾ ಎಂದು ಅದರ ಪೂರ್ಣನಾಮ. ರಷ್ಯನ್ನರ ಆಳ್ವಿಕೆಯುದ್ದಕ್ಕೂ ಹೊಸ್ತಿಲಾಚೆ ನಿಲ್ಲಿಸಿದ್ದ 'ಚಾಯ್', ಅಜ್ಜಿಯರು ಬಾಣಂತಿಯರಿಗೆಂದು ಮೀಸಲಿಟ್ಟಿದ್ದ ಹಾಲನ್ನೂ ಜೊತೆಗೆ ಕರೆದುಕೊಂಡು, ಈಗ ದುಬಾರಿ ಬೆಲೆಯ ಸಾಲಿನಲ್ಲಿ ಕುಳಿತಿದೆ. ಅಂಗಡಿಯ ಫಲಕದಲ್ಲಿ ಅದನ್ನು ಬರೆಯುವುದು ಇಂಗ್ಲಿಷ್ ಕಾಗುಣಿತದಲ್ಲಿ. ಪೋಲಿಷ್ ಓದುವ ನಿಯಮ ಪಾಲಿಸಿದರೆ ಆ ಅಕ್ಷರಗಳ ಉಚ್ಚಾರ 'ಹಾ-ಇ' ಎಂದಾಗುತ್ತದೆ. ಆದರೂ ಗಿರಾಕಿಗಳು ಚಾಯ್ ಎಂದೇ ಕೇಳಿ ಪಡೆಯುತ್ತಿದ್ದಾರೆ.